ಸಾಕು ಎಂದು ಬರೆದವರು

ಒಂದು ಕನ್ನಡ ಪದವನ್ನು ತೆಲುಗು ಪದವೆಂದು ಓದಿ, ಆ ತಪ್ಪು ಓದಿನ ಆಧಾರದ ಮೇಲೆ, ಇಪ್ಪತ್ತು ವರ್ಷ ದುಡಿದ ಪ್ರಯೋಗಾಲಯ ತಂತ್ರಜ್ಞೆಯೊಬ್ಬರ ಸೇವಾ ಪುಸ್ತಕದಲ್ಲಿ ‘ಹಿರಿಯ ವೈದ್ಯರ ಬಗ್ಗೆ ಅವಹೇಳನಕಾರಿ ಟಿಪ್ಪಣಿ ಬರೆದಿದ್ದಾರೆ’ ಎಂದು ನಮೂದಿಸಲಾಯಿತು. ಅವರನ್ನು ವಿಶಾಖಪಟ್ಟಣದ ಆಸ್ಪತ್ರೆಯಿಂದ ತೆಗೆದು, ಅದೇ ಆಸ್ಪತ್ರೆಗೆ ಸೇರಿದ ವಿಜಯವಾಡದ ಒಂದು ರಕ್ತ ಸಂಗ್ರಹ ಕೇಂದ್ರಕ್ಕೆ ಹಾಕಲಾಯಿತು. ಹನ್ನೊಂದು ವರ್ಷಗಳ ಬಳಿಕ, ಕಳೆದ ತಿಂಗಳು, ಅವರು ಅಲ್ಲಿಂದಲೇ ನಿವೃತ್ತರಾದರು. ಸೇವಾ ಪುಸ್ತಕದ ಆ ಸಾಲು ಇಂದಿಗೂ ಹಾಗೆಯೇ ಇದೆ.

ಅವರ ಹೆಸರನ್ನು ಬರೆಯುವುದಿಲ್ಲ. ‘ನನ್ನ ಹೆಸರು ಹಾಕಬ್ಯಾಡ್ರಿ ಸರ, ಮತ್ತೊಂದು ವಿಚಾರಣಿ ಆದೀತು’ ಎಂದು ನಕ್ಕು ಹೇಳಿದ್ದಾರೆ. ನಾನು ಆ ಆಸ್ಪತ್ರೆಯ ರಕ್ತನಿಧಿಯ ಮುಖ್ಯಸ್ಥನಾಗಿದ್ದವನು, ಅವರ ಮೇಲಧಿಕಾರಿ. ಕಂಡದ್ದನ್ನು, ಅವರ ಬಾಯಿಂದ ಕೇಳಿದ್ದನ್ನು, ಕಾಗದದಲ್ಲಿ ಉಳಿದಿರುವುದನ್ನು ಮಾತ್ರ ಬರೆಯುತ್ತೇನೆ.

ಅವರನ್ನು ನೆನೆದಾಗ ಮೊದಲು ಕಾಣುವುದು ಮುಖವಲ್ಲ, ಬೆನ್ನು. ನಮ್ಮ ಪ್ರಯೋಗಾಲಯದ ಪೂರ್ವದ ಕಿಟಕಿಗೆ ಸಮುದ್ರ ಕಾಣುತ್ತಿರಲಿಲ್ಲ. ಆದರೆ ಸಮುದ್ರದ ಮೇಲಿಂದ ಬಂದ ಬೆಳಕು ಮಾತ್ರ ಬರುತ್ತಿತ್ತು, ತುಸು ಮಸುಕಾಗಿ, ಒದ್ದೆ ಬಟ್ಟೆಯ ಮೂಲಕ ಸೋಸಿ ಬಂದಂತೆ. ಆ ಬೆಳಕಿನಲ್ಲಿ, ಬಿಸಿನೀರಿನ ತೊಟ್ಟಿಯ ಮುಂದೆ, ಎತ್ತರದ ಸ್ಟೂಲಿನ ಮೇಲೆ ಅವರು ಕುಳಿತಿರುತ್ತಿದ್ದರು. ತೊಟ್ಟಿಯಲ್ಲಿ ಸಾಲಾಗಿ ಗಾಜಿನ ನಳಿಕೆಗಳು. ಪ್ರತಿ ನಳಿಕೆಯಲ್ಲೂ ಯಾರದೋ ರಕ್ತದ ಒಂದು ಹೆಪ್ಪು. ನೀರು ದೇಹದ ಬಿಸಿಯಲ್ಲಿ ನಿಂತಿರುತ್ತಿತ್ತು. ಕೋಣೆಯಲ್ಲಿ ಗಡಿಯಾರದ ಸದ್ದೊಂದೇ. ಹೆಪ್ಪು ಕರಗುವುದನ್ನು ಕಾಯುವುದು ಅವರ ಕೆಲಸ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅವರ ಮೇಲೆ ಬಂದ ಅಪವಾದ ಈ ಕಾಯುವಿಕೆಯಿಂದಲೇ ಹುಟ್ಟಿತು. ಗಾಯವಾದಾಗ ದೇಹ ರಕ್ತವನ್ನು ಹೆಪ್ಪುಗಟ್ಟಿಸುತ್ತದೆ. ಫೈಬ್ರಿನ್ ಎಂಬ ನೂಲುಗಳು ಬಲೆಯಂತೆ ಹೆಣೆದುಕೊಳ್ಳುತ್ತವೆ. ಅದೇ ದೇಹ, ಅದೇ ಹೊತ್ತಿಗೆ, ಆ ಬಲೆಯನ್ನು ಕತ್ತರಿಸಲು ಮತ್ತೊಂದು ವಸ್ತುವನ್ನೂ ಸಿದ್ಧಮಾಡಿಕೊಳ್ಳುತ್ತದೆ. ಕಟ್ಟುವುದೂ ಕರಗಿಸುವುದೂ ಒಟ್ಟಿಗೇ ನಡೆಯಬೇಕು. ಇಲ್ಲದಿದ್ದರೆ ನಾವು ಬದುಕುವುದಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತ ಯಂತ್ರದ ಕೊಳವೆಗಳಲ್ಲಿ ಹರಿದು ಬರುವಾಗ ಕರಗಿಸುವ ಕೆಲಸ ಅತಿಯಾಗಿಬಿಡುತ್ತದೆ. ಹೊಲಿದ ಜಾಗದಿಂದ ರಕ್ತ ಜಿನುಗುತ್ತಲೇ ಇರುತ್ತದೆ. ಅದನ್ನು ತಡೆಯಲು ಕೊಡುವ ಔಷಧಿಯೇ ಟ್ರಾನೆಕ್ಸಾಮಿಕ್ ಆಸಿಡ್. ಅದು ಹೊಸದಾಗಿ ಹೆಪ್ಪು ಕಟ್ಟಿಸುವುದಿಲ್ಲ. ಕಟ್ಟಿದ ಹೆಪ್ಪು ಕರಗದಂತೆ ಕಾಯುತ್ತದೆ, ಅಷ್ಟೆ. ಈ ವ್ಯತ್ಯಾಸ ಕೆಲವು ವೈದ್ಯರಿಗೂ ಸ್ಪಷ್ಟವಿರಲಿಲ್ಲ ಎಂಬುದನ್ನು ನಾನು ಕಂಡಿದ್ದೇನೆ.

ಅವರಿಗೆ ಸ್ಪಷ್ಟವಿತ್ತು. ಸಿರುಗುಪ್ಪದ ಕಡೆಯವರು, ಕನ್ನಡ ಮಾಧ್ಯಮದಲ್ಲಿ ಓದಿ, ಬಳ್ಳಾರಿಯಲ್ಲಿ ತಂತ್ರಜ್ಞರ ಡಿಪ್ಲೊಮಾ ಮಾಡಿ, ತೆಲುಗು ಮನೆಗೆ ಮದುವೆಯಾಗಿ ವಿಶಾಖಪಟ್ಟಣಕ್ಕೆ ಬಂದವರು. ಗಂಡ ಪರವಾಡದ ಔಷಧ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸಗಾರ. ಬೆಳಗಿನ ಕಂಪನಿ ಬಸ್ಸಿಗೆ ಅವರನ್ನು ಹತ್ತಿಸಿಯೇ ಈಕೆ ಕೆಲಸಕ್ಕೆ ಬರುತ್ತಿದ್ದುದು. ಒಮ್ಮೆ ಒಬ್ಬ ಹೊಸ ವೈದ್ಯ, ಬೆಂಗಳೂರಿನ ಕಡೆಯವನು, ಈ ಔಷಧಿ ಹೇಗೆ ಕೆಲಸಮಾಡುತ್ತದೆಂದು ನನ್ನನ್ನು ಕೇಳಿದ. ನಾನು ಪುಸ್ತಕದ ಭಾಷೆಯಲ್ಲಿ ಶುರುಮಾಡಿದ್ದೆ. ಅವರು ನಳಿಕೆಗಳಿಂದ ಕಣ್ಣು ತೆಗೆಯದೆ ಹೇಳಿದರು:

‘ಎರಡೂ ಕೈಯಾಗ ಚೀಲ ಹಿಡಕೊಂಡೋನಿಗೆ ಬಸ್ಸಿನ ಕಂಬಿ ಹಿಡಿಯಾಕ ಆಗ್ತದೇನ್ರೀ ಡಾಕ್ಟ್ರೇ? ಈ ಔಷಧಿ ಮಾಡಾದು ಅಷ್ಟ. ಹೆಪ್ಪು ಕರಗಸೋನು ನೂಲು ಹಿಡಿಯಾಕ ಬರ್ತಾನಲ್ಲ, ಅವನ ಕೈಯಾಗ ಚೀಲ ಕೊಟ್ಟುಬಿಡ್ತದ. ಅವ ಅಲ್ಲೇ ಇರ್ತಾನ. ಹಿಡಿಯಾಕ ಮಾತ್ರ ಆಗಂಗಿಲ್ಲ.’

‘ಇನ್ನೂ ಹೆಚ್ಚು ಔಷಧಿ ಕೊಟ್ಟರೆ?’ ಎಂದ ಅವನು.

‘ಇರೋವು ಎರಡ ಕೈ. ಮೂರನೇ ಚೀಲ ಎಲ್ಲಿ ಹಿಡೀತಾನ? ಅದು ಬ್ಯಾರೆ ಕಡಿ ಹೋಗಿ ಬೀಳ್ತದ.’

ಆ ವೈದ್ಯ ನಕ್ಕ. ನಾನು ನಗಲಿಲ್ಲ. ಆ ಔಷಧಿಯ ಬಗ್ಗೆ ನಾನು ಓದಿದ್ದಷ್ಟೂ ಆ ಮೂರು ಮಾತಿನಲ್ಲಿತ್ತು. ಅತಿಯಾದ ಪ್ರಮಾಣ ಮಿದುಳಿನ ಕಡೆ ಹೋಗಿ ಬೀಳುತ್ತದೆ. ಕೆಲವರಿಗೆ ಸೆಳವು, ಅಂದರೆ ಫಿಟ್ಸ್, ಬರುತ್ತದೆ. ಇದು ವೈದ್ಯಲೋಕಕ್ಕೆ ಹೊಸತೇನಲ್ಲ.

ದೊಡ್ಡ ಊರಿನ ಆಸ್ಪತ್ರೆಗಳಲ್ಲಿ ಹೆಪ್ಪಿನ ಗಟ್ಟಿತನವನ್ನು ಅಳೆದು ಗೆರೆ ಎಳೆದು ತೋರಿಸುವ ಯಂತ್ರಗಳಿದ್ದವು. ನಮ್ಮಲ್ಲಿರಲಿಲ್ಲ. ನಾನು ಮೂರು ಸಲ ಬೇಡಿಕೆ ಕಳಿಸಿದೆ. ಮೂರು ಸಲವೂ ಅದು ಯಾವುದೋ ಮೇಜಿನ ಮೇಲೆ ಮಲಗಿತು. ಹಾಗಾಗಿ ನಾವಿಬ್ಬರೂ ಹಳೆಯ ಕಾಲದ ನಳಿಕೆಯ ಪರೀಕ್ಷೆಗೆ ಮರಳಿದೆವು. ರೋಗಿಯ ರಕ್ತ ನಳಿಕೆಯಲ್ಲಿ ಹೆಪ್ಪುಗಟ್ಟಲಿ. ಕರಗಿಸುವ ವಸ್ತುವನ್ನು ಅಳತೆಯಂತೆ ಒಂದು ಹನಿ ಸೇರಿಸಿ. ಎಷ್ಟು ಹೊತ್ತು ನಿಲ್ಲುತ್ತದೋ ನೋಡಿ. ಔಷಧಿ ಕೊಡದ ರಕ್ತದ ಹೆಪ್ಪು ಮೆಲ್ಲಗೆ ಅಂಚಿನಿಂದ ಸಡಿಲವಾಗುತ್ತಿತ್ತು, ಅನಕಾಪಲ್ಲಿಯ ಬೆಲ್ಲದ ಉಂಡೆ ನೀರಿನಲ್ಲಿ ತನ್ನ ಮೂಲೆಗಳನ್ನು ಕಳೆದುಕೊಳ್ಳುವ ಹಾಗೆ. ಔಷಧಿ ಕೊಟ್ಟ ರಕ್ತದ ಹೆಪ್ಪು ಹಾಗೆಯೇ ನಿಂತಿರುತ್ತಿತ್ತು, ಕಪ್ಪುಗೆಂಪಾಗಿ, ತನ್ನಷ್ಟಕ್ಕೆ ತಾನು.

ಅವರಿಗೆ ಅದನ್ನು ನೋಡುತ್ತ ಕೂರುವುದು ಬೇಸರ ತರಿಸಿದ್ದನ್ನು ನಾನು ಕಾಣೆ. ಬಾಗಿಲು ಜೋರಾಗಿ ಹಾಕಿದವರಿಗೆ ತಿರುಗಿ ನೋಡದೆ ಎಡಗೈ ಎತ್ತಿ ತೋರಿಸುತ್ತಿದ್ದರು, ಮಗು ಮಲಗಿದೆ ಎನ್ನುವಂತೆ. ನಳಿಕೆಯನ್ನು ಎತ್ತಿ ಓರೆ ಮಾಡುವಾಗ ಅವರ ತಲೆಯೂ ಅಷ್ಟೇ ಓರೆಯಾಗುತ್ತಿತ್ತು. ಬೆಳಗಿನ ಬಿಸಿಲು ಏರುವ ಹೊತ್ತಿಗೆ ಕಿಟಕಿಯ ಬೆಳಕು ತೊಟ್ಟಿಯ ನೀರಿಗಿಳಿದು, ಮೇಲ್ಛಾವಣಿಯ ಮೇಲೆ ಅಲೆಯಾಡುವ ಒಂದು ಹೊಳಪನ್ನು ಬಿಡುತ್ತಿತ್ತು. ಆಗ ಆ ಕೋಣೆಯೇ ನೀರಿನೊಳಗಿದೆ ಎಂದು ನನಗೆ ಅನ್ನಿಸುತ್ತಿತ್ತು. ಮೇಲಿನ ಮಹಡಿಯಲ್ಲಿ ಎದೆ ತೆರೆದು ಮಲಗಿದ್ದ ಮನುಷ್ಯನ ಅಂಶವೊಂದು ಇಲ್ಲಿ ಈಕೆಯ ಕಣ್ಣಳತೆಯಲ್ಲಿ ತೇಲುತ್ತಿದೆ, ಅವನಿಗೆ ಇದ್ಯಾವುದೂ ಗೊತ್ತಿಲ್ಲ.

ನನ್ನ ಮೈಸೂರು ಕನ್ನಡವನ್ನು ಅವರು ಗೇಲಿ ಮಾಡುತ್ತಿದ್ದರು. ‘ನೀವು ಮಾತಾಡಿದ್ರ ಯಾರಿಗೋ ಪತ್ರ ಬರದಂಗ ಇರ್ತದ ಸರ. ಕೊನೀಗೆ ಇಂತಿ ನಿಮ್ಮ ವಿಶ್ವಾಸಿ ಅನ್ನಾದೊಂದು ಬಾಕಿ.’

‘ನಿಮ್ಮದು ತಂತಿ ಸಂದೇಶವಮ್ಮ. ಒಂದು ಪದದ ಮೇಲೆ ಇನ್ನೊಂದು ಖರ್ಚು ಮಾಡುವುದಿಲ್ಲ.’

‘ಒಂದರಾಗ ಮುಗಿಯಾದಕ್ಕ ಎರಡು ಯಾಕ್ರಿ?’

ಈ ಮಾತು ಅವರ ಬರವಣಿಗೆಗೂ ನಿಜವಾಗಿತ್ತು. ಪರೀಕ್ಷೆಯ ದಾಖಲೆ ಪುಸ್ತಕದಲ್ಲಿ ಸಮಯ, ಸಂಖ್ಯೆಗಳೆಲ್ಲ ಇಂಗ್ಲಿಷಿನಲ್ಲಿ. ಕೊನೆಯ ಷರಾ ಕಾಲಂ ಮಾತ್ರ ಕನ್ನಡದಲ್ಲಿ. ಮೊದಲ ಪ್ರಮಾಣದ ಔಷಧಿ ಕೊಟ್ಟ ಮೇಲೆ ಬಂದ ರಕ್ತದ ಹೆಪ್ಪು ನಾವು ಇಟ್ಟುಕೊಂಡ ಗಡುವು ದಾಟಿಯೂ ಕರಗದೆ ನಿಂತಿದ್ದರೆ ಅಲ್ಲಿ ಒಂದೇ ಪದ ಬರೆಯುತ್ತಿದ್ದರು: ಸಾಕು. ಔಷಧಿ ತನ್ನ ಕೆಲಸ ಮಾಡಿದೆ, ಇನ್ನು ಬೇಡ ಎಂದು ಅದರ ಅರ್ಥ. ಕರಗಿದ್ದರೆ: ಸಾಲದು. ಪುಟದ ಮೇಲೆ ಪುಟ ಹೀಗೆಯೇ ಇತ್ತು. ಷರಾಗಳನ್ನು ಇಂಗ್ಲಿಷಿನಲ್ಲಿ ಬರೆಯಿರಿ ಎಂದು ಹೇಳಬೇಕಾದವನು ನಾನು. ಹೇಳಲಿಲ್ಲ. ಸಂಜೆ ಸಹಿ ಹಾಕುವಾಗ ಊರಿನ ಅಕ್ಷರ ಕಣ್ಣಿಗೆ ಬೀಳುತ್ತಿದ್ದುದು ನನಗೆ ಹಿತವಾಗಿತ್ತು. ಈ ಪ್ರಕರಣದಲ್ಲಿ ನನ್ನ ಪಾಲಿನ ತಪ್ಪು ಇದು; ಬೇರೆಯವರ ತಪ್ಪುಗಳನ್ನು ಎಣಿಸುವ ಮೊದಲು ಇದನ್ನು ಬರೆದಿದ್ದೇನೆ.

ಆ ದಿನಗಳಲ್ಲಿ ನಾನು ಕಣ್ಣಿನ ಪೊರೆ ತೆಗೆಸಿಕೊಂಡು ರಜೆಯಲ್ಲಿದ್ದೆ. ವಯಸ್ಸಾದ ರೋಗಿಯೊಬ್ಬರಿಗೆ ಹೃದಯದ ಕವಾಟ ಬದಲಿಸುವ ಶಸ್ತ್ರಚಿಕಿತ್ಸೆಯಾಯಿತು. ಮೊದಲ ಪ್ರಮಾಣದ ನಂತರದ ಹೆಪ್ಪು ನಳಿಕೆಯಲ್ಲಿ ಅಲುಗದೆ ನಿಂತಿತ್ತು. ಈಕೆ ಅದನ್ನು ಫೋನಿನಲ್ಲಿ ಮೇಲಿನ ಮಹಡಿಗೆ ತಿಳಿಸಿದರು. ಆದರೂ ಹಿರಿಯ ಅರಿವಳಿಕೆ ತಜ್ಞರು ದೊಡ್ಡ ಪ್ರಮಾಣದಲ್ಲಿ ಮತ್ತೊಮ್ಮೆ ಔಷಧಿ ಕೊಟ್ಟರು. ಕಾರಣವನ್ನು ಚೀಟಿಯಲ್ಲಿ ಬರೆದು ಕಳಿಸಿದರು: ರಕ್ತ ಜಿನುಗುತ್ತಿದೆ. ಚೀಟಿಗಳನ್ನು ಆಯಾ ಪುಟಕ್ಕೆ ಅಂಟಿಸುವುದು ನಮ್ಮ ಪದ್ಧತಿ. ಈಕೆ ಆ ಚೀಟಿಯನ್ನು ಅಂಟಿಸಿದರು. ಅದರ ಪಕ್ಕದ ಕಾಲಂನಲ್ಲಿ, ಎಂದಿನಂತೆ, ತಮ್ಮ ನಳಿಕೆ ಹೇಳಿದ್ದನ್ನು ಬರೆದರು: ಸಾಕು.

ಸಂಜೆ ರೋಗಿಗೆ ಸೆಳವು ಬಂತು. ಬದುಕಿಕೊಂಡರು, ಮನೆಗೂ ಹೋದರು. ಔಷಧಿಯಿಂದಲೇ ಸೆಳವು ಬಂತೆಂದು ನಾನು ಆಣೆಯಿಟ್ಟು ಹೇಳಲಾರೆ. ಅಂಥ ಶಸ್ತ್ರಚಿಕಿತ್ಸೆಯ ನಂತರ ಬೇರೆ ಕಾರಣಗಳೂ ಇರಬಹುದು. ಆದರೆ ಮನೆಯವರು ಪ್ರಶ್ನೆ ಕೇಳಿದರು, ಮೂವರ ಸಮಿತಿ ಕೂತಿತು, ದಾಖಲೆ ಪುಸ್ತಕವನ್ನು ತರಿಸಲಾಯಿತು.

ಕನ್ನಡ ಲಿಪಿಯೂ ತೆಲುಗು ಲಿಪಿಯೂ ಅಕ್ಕತಂಗಿಯರು. ಕೈಬರಹದಲ್ಲಿ ‘ಸಾಕು’ ಎಂಬ ಎರಡಕ್ಷರವನ್ನು ತೆಲುಗಿನವರು ತಡವರಿಸದೆ ಓದುತ್ತಾರೆ. ಓದುವುದು ಮಾತ್ರವಲ್ಲ, ಅವರಿಗೆ ಅರ್ಥವೂ ಆಗುತ್ತದೆ. ಏಕೆಂದರೆ ತೆಲುಗಿನಲ್ಲೂ ಸಾಕು ಎಂಬ ಪದವಿದೆ. ಅಲ್ಲಿ ಅದಕ್ಕೆ ನೆಪ ಎಂದು ಅರ್ಥ. ಇನ್ನು ಬೇಡ ಎನ್ನಲು ತೆಲುಗಿನವರು ಹೇಳುವುದು ‘ಚಾಲು’. ‘ರಕ್ತ ಜಿನುಗುತ್ತಿದೆ’ ಎಂಬ ಹಿರಿಯರ ಚೀಟಿ. ಪಕ್ಕದಲ್ಲಿ ತಂತ್ರಜ್ಞೆಯ ಕೈಬರಹ: ನೆಪ.

ಅವರನ್ನು ಒಳಗೆ ಕರೆದು ಕೇಳಿದ ಪ್ರಶ್ನೆ ಒಂದೇ. ‘ಸಾಕು ಅನಿ ಎಂದುಕು ರಾಸಾರಮ್ಮಾ?’ ಸಾಕು ಎಂದು ಏಕೆ ಬರೆದಿರಿ.

ಪ್ರಶ್ನೆ ತೆಲುಗಿನದು. ಆದರೆ ಅದರೊಳಗಿನ ಆ ಪದ ಈಕೆಯ ಕಿವಿಗೆ ತಮ್ಮದೇ ಪದವಾಗಿ ಬಿತ್ತು. ಅವರು ನಿಜವನ್ನೇ ಹೇಳಿದರು. ‘ಅಲಾ ಅನಿಪಿಂಚಿಂದಂಡಿ. ಟ್ಯೂಬ್ ಚೂಸ್ತೇ ಎವರಿಕೈನಾ ತೆಲುಸ್ತುಂದಿ.’ ನನಗೆ ಹಾಗೆ ಅನ್ನಿಸಿತು. ನಳಿಕೆ ನೋಡಿದರೆ ಯಾರಿಗಾದರೂ ತಿಳಿಯುತ್ತದೆ.

ಅಲ್ಲೇ ಕೂತಿದ್ದ ಆ ಅರಿವಳಿಕೆ ತಜ್ಞರ ಮುಖ ಕೆಂಪಾಯಿತಂತೆ. ‘ಇನ್ನೊಮ್ಮೆ ಹೇಳಿ’ ಎಂದರಂತೆ. ಈಕೆ ಇನ್ನೊಮ್ಮೆ ಹೇಳಿದರು. ಕೇಳಿದ್ದಕ್ಕೆ ಉತ್ತರ ಕೊಟ್ಟ ಸಮಾಧಾನದಿಂದ ಹೊರಬಂದರು. ಮನೆಗೆ ಹೋಗುವ ಬಸ್ಸು ಗಾಜುವಾಕ ದಾಟುವಾಗ, ಹಿಂದಿನ ಸೀಟಿನಲ್ಲಿ ಒಬ್ಬ ತಾಯಿ ಮಗಳನ್ನು ‘ಸಾಕುಲು ಚೆಪ್ಪಕು’, ನೆಪ ಹೇಳಬೇಡ, ಎಂದು ಗದರುತ್ತಿದ್ದಳಂತೆ.

‘ಅವಾಗ ತಿಳೀತು ಸರ’ ಎಂದು ನನಗೆ ಹೇಳಿದರು. ‘ಇಪ್ಪತ್ತು ವರ್ಸ ತೆಲುಗು ಮಾತಾಡೀನಿ. ಆದ್ರ ಅದು ನನ್ನ ಕೈಬರಹ ನೋಡ್ರಿ, ಬ್ಯಾರೆ ಅರ್ಥ ಹೊಳೀಲೇ ಇಲ್ಲ. ಬಸ್ಸಿನಾಗ ಒಬ್ಬಾಕಿನ ನಕ್ಕೆ.’

ಮರುದಿನ ಅವರು ವಿವರಣೆ ಬರೆದುಕೊಟ್ಟರು. ವರದಿ ಆಗಲೇ ಸಹಿಯಾಗಿತ್ತು. ನಾನು ರಜೆ ಮುಗಿಸಿ ಬಂದಾಗ ಸ್ಟೂಲು ಖಾಲಿಯಿತ್ತು. ತೊಟ್ಟಿಯ ನೀರು ಬತ್ತಿ ಒಳಗೋಡೆಯ ಮೇಲೆ ಬಿಳಿಯ ಗೆರೆ ಉಳಿದಿತ್ತು.

ನಾನು ಬರೆದ ಪತ್ರಗಳು ಮೂರು. ಮೂರರ ನಕಲುಗಳೂ ಸ್ವೀಕೃತಿಯ ಮೊಹರಿನ ಸಹಿತ ನನ್ನ ಬಳಿ ಇವೆ. ಮೊದಲನೆಯದಕ್ಕೆ ಕನ್ನಡ ನಿಘಂಟಿನ ಪುಟವನ್ನು ಲಗತ್ತಿಸಿದ್ದೆ. ಎರಡನೆಯದಕ್ಕೆ ದಾಖಲೆ ಪುಸ್ತಕದ ಹಳೆಯ ಪುಟಗಳ ನಕಲು, ಅಲ್ಲಿ ಯಾವ ಚೀಟಿಯೂ ಇಲ್ಲದ ಕಡೆ ಅದೇ ಪದವಿತ್ತು. ಚೀಟಿಯೇ ಇಲ್ಲದಿದ್ದರೆ ನೆಪ ಯಾರದು? ಮೂರನೆಯ ಪತ್ರವನ್ನು ಕೈಯಾರೆ ಕೊಡಲು ಹೋದಾಗ, ಮೂವತ್ತು ವರ್ಷ ಆ ಕಟ್ಟಡದಲ್ಲಿ ದುಡಿದ ನನ್ನನ್ನು ಆಡಳಿತ ಕಚೇರಿಯ ಹೊರಗಿನ ಬೆಂಚಿನ ಮೇಲೆ ಬೆಳಗಿನಿಂದ ಊಟದ ಹೊತ್ತಿನವರೆಗೆ ಕೂರಿಸಿದರು. ನನ್ನ ನಂತರ ಬಂದ ಔಷಧ ಕಂಪನಿಯ ಪ್ರತಿನಿಧಿಗೆ ಒಳಗೆ ಚಹಾ ಹೋಯಿತು. ಬೆಂಚಿನ ಒಂದು ಕಾಲು ಗಿಡ್ಡವಿತ್ತು. ಉತ್ತರ ಬಂದದ್ದು ಒಂದೇ ಸಾಲು: ವಿಷಯ ಮುಕ್ತಾಯಗೊಂಡಿದೆ. ಆ ವರ್ಷದ ಕೊನೆಗೆ ನಾನೂ ನಿವೃತ್ತನಾದೆ.

ಆಮೇಲೆ ಆ ಆಸ್ಪತ್ರೆಯಲ್ಲಿ, ಯಾರೂ ಗಟ್ಟಿಯಾಗಿ ಹೇಳದೆ, ಔಷಧಿಯ ಪ್ರಮಾಣವನ್ನು ಇಳಿಸಿದರು. ಎರಡನೆಯ ಸಲ ಕೊಡುವ ಮುನ್ನ ಹೆಪ್ಪಿನ ಪರೀಕ್ಷೆ ಕಡ್ಡಾಯವಾಯಿತು. ನಾನು ಬೇಡಿದ್ದ ಯಂತ್ರವೂ ಬಂತು. ಅದೇ ಅರಿವಳಿಕೆ ತಜ್ಞರು ಮದುವೆಮನೆಯೊಂದರಲ್ಲಿ ಸಿಕ್ಕಾಗ ನಾನು ಪದದ ಅರ್ಥವನ್ನು ಮುಖಕ್ಕೆ ಮುಖ ಕೊಟ್ಟು ಹೇಳಿದೆ. ಅವರು ‘ನನಗೆ ಯಾರೂ ಹೇಳಲಿಲ್ಲವಲ್ಲ ಸಾರ್’ ಎಂದರು. ನಾನು ನಂಬಿದೆ. ಅವರು ಆಂಧ್ರದ ಕರಾವಳಿಯಲ್ಲೇ ಹುಟ್ಟಿ ಬೆಳೆದವರು, ಕನ್ನಡ ಅವರ ಕಿವಿಗೂ ಬಿದ್ದದ್ದಲ್ಲ. ಆಸ್ಪತ್ರೆಗೆ ತಾವೇ ಒಂದು ಮಾತು ಬರೆಯುವುದಾಗಿ ಹೇಳಿದರು. ಬರೆಯುವ ಮೊದಲೇ ತೀರಿಕೊಂಡರು.

ಈಕೆಯನ್ನು ನೋಡಲು ನಾನು ವಿಜಯವಾಡಕ್ಕೆ ಹಲವು ಸಲ ಹೋಗಿದ್ದೇನೆ. ಆಟೋನಗರದ ಒಂದು ಓಣಿಯಲ್ಲಿ, ಲಾರಿಗಳ ಮೈಗೆ ಬಣ್ಣ ಹೊಡೆಯುವ ಶೆಡ್ಡುಗಳ ನಡುವೆ, ಎರಡು ಕೋಣೆಯ ಸಂಗ್ರಹ ಕೇಂದ್ರ. ಬೆಳಿಗ್ಗೆ ಮೆಕ್ಯಾನಿಕ್ಕುಗಳು ಸಕ್ಕರೆಯ ಪರೀಕ್ಷೆಗೆ ಬರಿ ಹೊಟ್ಟೆಯಲ್ಲಿ ಬಂದು ಕೂರುತ್ತಿದ್ದರು. ಗ್ರೀಸು ಮೆತ್ತಿದ ಆ ದಪ್ಪ ತೋಳುಗಳನ್ನು ಅವರು ಮೆತ್ತನೆಯ ಬಟ್ಟೆಯಿಂದ ಒರೆಸುತ್ತ, ನರ ಹುಡುಕುತ್ತ, ಒಬ್ಬೊಬ್ಬರ ಮನೆಯ ಸುದ್ದಿ ಕೇಳುತ್ತಿದ್ದರು. ಸುತ್ತಲೂ ತಗಡು ಬಡಿಯುವ ಸದ್ದು. ಸೂಜಿ ತೆಗೆದ ಮೇಲೆ ಹತ್ತಿ ಒತ್ತಿ ಹಿಡಿದು, ರಕ್ತ ನಿಲ್ಲುವವರೆಗೆ ಆ ಪುಟ್ಟ ಕೆಂಪು ಚುಕ್ಕೆಯನ್ನೇ ನೋಡುತ್ತಿದ್ದರು. ಆಗ ಮಾತ್ರ ತಲೆ ತುಸು ಓರೆಯಾಗುತ್ತಿತ್ತು, ಆ ಸದ್ದೆಲ್ಲ ಎಲ್ಲೋ ದೂರ ಹೋದಂತಾಗುತ್ತಿತ್ತು.

ಶನಿವಾರ ರೈಲು ಹತ್ತಿ ವಿಶಾಖಪಟ್ಟಣದ ಮನೆಗೆ, ಭಾನುವಾರ ಸಂಜೆ ಮತ್ತೆ ರೈಲು. ಹನ್ನೊಂದು ವರ್ಷ. ಮಗಳು ಆಗ ಎಂಟು ವರ್ಷದವಳು. ‘ಅಕಿ ಕನ್ನಡ ಅಲ್ಲಿಗೇ ನಿಂತುಬಿಡ್ತು ಸರ’ ಎಂದರು ಒಮ್ಮೆ. ‘ಈಗ ಕಾಲೇಜಿಗೆ ಹೋಗ್ತಾಳ. ತೆಲುಗಿನಾಗ ದೊಡ್ಡಾಕಿ. ಕನ್ನಡದಾಗ ಮಾತಾಡಿದ್ರ ಇನ್ನೂ ಎಂಟು ವರ್ಸದಾಕಿನ.’ ದೂರಿನ ದನಿ ಇರಲಿಲ್ಲ. ಕನಸಿನಲ್ಲಿ ಕಂಡದ್ದನ್ನು ಹೇಳುವವರಂತೆ ಹೇಳಿದರು. ನನಗೆ ಮಾತ್ರ ಆ ಸಮಿತಿಯ ವರದಿಗೆ ಇನ್ನೊಂದು ಪುಟ ಸೇರಿದಂತೆ ಕಂಡಿತು.

ಕಳೆದ ತಿಂಗಳ ಬೀಳ್ಕೊಡುಗೆಗೆ ನನ್ನನ್ನೂ ಕರೆದಿದ್ದರು. ಸಂಗ್ರಹ ಕೇಂದ್ರದ ಮೇಲಿನ ತಾರಸಿಯಲ್ಲಿ ಶಾಮಿಯಾನ ಹಾಕಿ ಮಧ್ಯಾಹ್ನದ ಊಟ. ವಿಶಾಖಪಟ್ಟಣದಿಂದ ಆಡಳಿತ ಮುಖ್ಯಸ್ಥರು ಬಂದಿದ್ದರು. ಸಮಿತಿಯ ಮೂವರಲ್ಲಿ ಅವರೊಬ್ಬರು. ಹನ್ನೊಂದು ವರ್ಷಗಳಲ್ಲಿ ಎರಡು ಬಡ್ತಿ ಕಂಡಿದ್ದರು. ತೆಲುಗಿನಲ್ಲಿ ಚೆನ್ನಾಗಿ ಮಾತಾಡಿದರು, ಸಂಸ್ಥೆಗೆ ಅಮ್ಮನಂತಿದ್ದವರು ಎಂದರು, ಶಾಲು ಹೊದಿಸಿದರು. ಸೇವಾ ಪುಸ್ತಕದ ಸಾಲಿನ ಬಗ್ಗೆ ಒಂದು ಮಾತಿಲ್ಲ.

ತಮ್ಮ ಬೀಳ್ಕೊಡುಗೆಯಲ್ಲೂ ಅವರು ಸುಮ್ಮನೆ ಕೂರಲಿಲ್ಲ. ಮನೆಯಿಂದ ಮಾಡಿ ತಂದಿದ್ದ ಚಿತ್ರಾನ್ನವನ್ನು ತಾವೇ ಬಡಿಸುತ್ತ ಬಂದರು. ನಾನು ಆಡಳಿತ ಮುಖ್ಯಸ್ಥರ ಪಕ್ಕದ ಎಲೆಯಲ್ಲಿದ್ದೆ. ಶಾಮಿಯಾನದ ಬಟ್ಟೆಯ ಹಳದಿ ನೆರಳು ಎಲ್ಲರ ಎಲೆಗಳ ಮೇಲೂ ತೇಲುತ್ತಿತ್ತು. ಮುಖ್ಯಸ್ಥರ ಎಲೆಗೆ ಎರಡನೆಯ ಸೌಟು ಬಂತು. ಅವರು ಫೋನ್ ನೋಡುತ್ತಿದ್ದವರು, ಕಣ್ಣೆತ್ತದೆ, ಎಡಗೈಯನ್ನು ಎಲೆಯ ಮೇಲೆ ಅಡ್ಡ ಹಿಡಿದು ಹೇಳಿದರು: ‘ಸಾಕಮ್ಮಾ, ಸಾಕು.’

ಸೌಟು ಗಾಳಿಯಲ್ಲಿ ನಿಂತಿತು. ಮುಖ್ಯಸ್ಥರು ತಲೆಯೆತ್ತಿ ಈಕೆಯ ಮುಖ ನೋಡಿದರು, ಆಮೇಲೆ ನನ್ನದನ್ನು.

‘ನಿಮಗೆ ಕನ್ನಡ ಬರುತ್ತದೆಯೇ?’ ಎಂದೆ ನಾನು.

‘ಅಮ್ಮಂದು ಹಿಂದೂಪುರದ ಹತ್ರ, ಕನ್ನಡದ ಮನೆ ಸಾರ್’ ಎಂದರು ಕನ್ನಡದಲ್ಲಿ, ಪದಗಳನ್ನು ಹುಡುಕುತ್ತ. ‘ನಂಗೆ ಬಹಳ ಬರಲ್ಲ. ಏನೋ, ಊಟದ ಹತ್ರ ಮಾತ್ರ ಅದೇ ಬರುತ್ತೆ.’

ಈಕೆ ಸೌಟನ್ನು ಪಾತ್ರೆಗೆ ಇಳಿಸಿದರು. ‘ಬಿಡ್ರಿ ಸರ, ಸಾಕು ಅಂದೋರಿಗೆ ಬಡಸಬಾರದು’ ಎಂದು ನನಗೆ ಮೆಲ್ಲಗೆ ಹೇಳಿ ಮುಂದಿನ ಎಲೆಗೆ ಹೋದರು. ಅವರ ನಡೆಯಲ್ಲಿ ಏನೂ ಬದಲಾಗಲಿಲ್ಲ.

ಬಿಟ್ಟುಬಿಡುವುದು ಅವರ ಸ್ವಭಾವ, ನನ್ನದಲ್ಲ. ಆದ್ದರಿಂದ ಆ ಮುಖ್ಯಸ್ಥರನ್ನೇ ಕೇಳುತ್ತಿದ್ದೇನೆ. ಸ್ವಾಮಿ, ಸಮಿತಿಯ ಮೂವರಲ್ಲಿ ಕನ್ನಡ ಬಲ್ಲವರು ನೀವೊಬ್ಬರೇ. ಆ ಪುಟ ನಿಮ್ಮ ಕಣ್ಣ ಮುಂದಿತ್ತು, ಆ ಹೆಂಗಸು ನಿಮ್ಮ ಎದುರಿಗೆ ನಿಂತಿದ್ದರು. ವರದಿಯ ಮೇಲೆ ಸಹಿ ಹಾಕುವಾಗ ಆ ಪದ ನಿಮಗೆ ಯಾವ ಭಾಷೆಯಲ್ಲಿ ಕೇಳಿಸಿತ್ತು?